ಏಳನೇ ಕೊಠಡಿಯ ಗಾಳಿ ಹಸ್ತಾಂತರವಾದ ವಿವರ

ರೀಗಾಬಾದ್ ಪಟ್ಟಣದ ಬಾಲಕಿಯರ ಪ್ರೌಢಶಾಲೆಯ ಏಳನೇ ಕೊಠಡಿಯಲ್ಲಿ ಬೀಸುವ ಗಾಳಿಯು ವಸಂತದ ನಡುವೆ ಬರುವ ಉರ್ದಿಬೆಹೆಷ್ತ್ ತಿಂಗಳ ಇಪ್ಪತ್ತೆರಡನೇ ತಾರೀಖಿನಿಂದ ಶಿಕ್ಷಣ ಕಚೇರಿಯ ಸ್ವತ್ತಾಗಿರುತ್ತದೆ. ಈ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಇದ್ದವರು ಹದಿನೈದು ದಿನಗಳೊಳಗೆ ಲಿಖಿತವಾಗಿ ಸಲ್ಲಿಸಬಹುದೆಂದು ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಲಾಗಿತ್ತು. ಹದಿನಾರನೇ ದಿನ ಅಂಟಿಸಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಇಷ್ಟಕ್ಕೂ ಕಾರಣ ಆ ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುವ ತಹ್ಮೀನೆ ಕರ್ಬಾಸಿಯ ಬಾಯಿ. ಆಕೆ ಯಾರಿಗೂ ಕೆಟ್ಟ ಮಾತಾಡಿದವಳಲ್ಲ. ಒಳ್ಳೆಯ ಮಾತಾಡಿದ್ದೇ ಮುಳುವಾಯಿತು.

ಆ ವರ್ಷ ರಾಜಧಾನಿಯಿಂದ ‘ಬಯಲು ಕಲಿಕೆ’ ಎಂಬ ಯೋಜನೆಯ ಸುತ್ತೋಲೆ ಬಂದಿತ್ತು. ವಿದ್ಯಾರ್ಥಿನಿಯರು ಭೌತಶಾಸ್ತ್ರವನ್ನೂ ಇಂಧನ ಉಳಿತಾಯವನ್ನೂ ತೆರೆದ ಆಕಾಶದ ಕೆಳಗೆ, ಸ್ವಂತ ಅನುಭವದಿಂದ ಕಲಿಯತಕ್ಕದ್ದು. ಆಕಾಶ ಲಭ್ಯವಿಲ್ಲದ ಶಾಲೆಗಳು ಮುಂಚಿತವಾಗಿ ತಿಳಿಸತಕ್ಕದ್ದು. ಉಳಿದ ಶಾಲೆಗಳೆಲ್ಲ ‘ಆಕಾಶ ಲಭ್ಯವಿದೆ’ ಎಂದು ಮೂರು ಪ್ರತಿಗಳಲ್ಲಿ ಬರೆದು, ಮೊಹರು ಹಾಕಿ ಕಳಿಸಿ, ಕಿಟಕಿ ಮುಚ್ಚಿಕೊಂಡು ಎಂದಿನ ಪಾಠ ಮಾಡಿದವು. ತಹ್ಮೀನೆಗೆ ಅಷ್ಟು ಅನುಭವವಿರಲಿಲ್ಲ. ಅವಳು ಸುತ್ತೋಲೆಯನ್ನು ಪೂರ್ತಿ ಓದಿ, ಮೂವತ್ತೊಂದು ಹುಡುಗಿಯರನ್ನು ಕರೆದುಕೊಂಡು ಶಾಲೆಯ ಮಾಳಿಗೆ ಹತ್ತಿದಳು.

ಶಾಲೆ ಹಿಂದೊಮ್ಮೆ ಯಾರೋ ರೇಷ್ಮೆ ವ್ಯಾಪಾರಿಯ ಮನೆ. ಮಾಳಿಗೆಯ ಮೇಲೆ ಎರಡಾಳೆತ್ತರದ ಬಾದ್‌ಗೀರ್ ನಿಂತಿತ್ತು. ನಾಲ್ಕೂ ಮಗ್ಗುಲಿಗೆ ಬಾಯಿ ತೆರೆದು, ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಮಣ್ಣಿನ ಗೋಪುರ ಅದು. ಕೂಲರ್ ಬಂದ ವರ್ಷ ಅದರ ಬಾಯಿಗೆಲ್ಲ ಇಟ್ಟಿಗೆ ತುರುಕಿದ್ದರು. ಹುಡುಗಿಯರು ಕೋಲಿಗೆ ಬಟ್ಟೆಯ ಚೂರು ಕಟ್ಟಿ ಗಾಳಿಯ ದಿಕ್ಕು ನೋಡುತ್ತಿದ್ದಾಗ ಗುಲ್‌ನೂಶ್ ಎಂಬವಳು ತಹ್ಮೀನೆಯನ್ನು ಕೇಳಿದಳು, “ಖಾನಂ, ಗಾಳಿ ಬರೋ ಬಾಯಿ ಮುಚ್ಚಿ, ಕರೆಂಟು ಸುಟ್ಟು ಗಾಳಿ ಮಾಡ್ಕೋತಿದೀವಾ?”

“ಹೌದು.”

“ಯಾರು ಹೇಳಿದ್ದು ಹಾಗೆ ಮಾಡಿ ಅಂತ?”

“ಅದು ಭೌತಶಾಸ್ತ್ರದ ಪ್ರಶ್ನೆ ಅಲ್ಲಮ್ಮ. ಇಟ್ಟಿಗೆ ತೆಗಿ.”

ಗುಲ್‌ನೂಶ್ ಇಟ್ಟಿಗೆ ತೆಗೆಯಲು ಒಂದು ಗಳಿಗೆಯೂ ತಡಮಾಡಲಿಲ್ಲ. ಹಿಂದಿನ ವರ್ಷ, ಬಿಸಿಲು ಏರುವ ಖೊರ್ದಾದ್ ತಿಂಗಳ ಅಂತಿಮ ಪರೀಕ್ಷೆಯಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಹೋಗಿ ಕೂಲರ್ ನಿಂತಾಗ, ಅವಳ ಅಕ್ಕ ನಾಲ್ಕನೇ ಪ್ರಶ್ನೆಯ ಮೇಲೆ ತಲೆಯಿಟ್ಟು ಜ್ಞಾನ ತಪ್ಪಿದ್ದಳು. ನಪಾಸಾಗಿ ಈಗ ಚಿಕ್ಕಮ್ಮನ ಮಿಠಾಯಿ ಅಂಗಡಿಯಲ್ಲಿ ಬಾದಾಮಿ ಹೂರಣದ ಕೊತ್ತಾಬ್ ಕರಿಯುತ್ತಿದ್ದಾಳೆ. ಹನ್ನೆರಡರಿಂದ ಎರಡರವರೆಗೆ ಊರಿಗೆಲ್ಲ ಕರೆಂಟು ತೆಗೆಯುವುದು ಈ ವರ್ಷವೂ ಇತ್ತು. ಪರೀಕ್ಷೆಗೆ ಇನ್ನು ಐದು ವಾರ. ಮೂವತ್ತೊಂದು ಹುಡುಗಿಯರನ್ನು ಎಚ್ಚರವಾಗಿಟ್ಟು ಬರೆಸಬೇಕಾದರೆ ಒಂದು ತಣ್ಣನೆಯ ಕೋಣೆ ಬೇಕೇ ಬೇಕು ಎಂದು ತಹ್ಮೀನೆ ಹಠ ಹಿಡಿದಿದ್ದಳು.

ಶಾಲೆಯ ಜವಾನ ಮಶ್ದಿ ಗಫೂರ್ ಹಾರೆ ತಂದ. ಇಟ್ಟಿಗೆಯ ಜೊತೆ ಮೂವತ್ತು ವರ್ಷದ ಪಾರಿವಾಳದ ಹಿಕ್ಕೆಯೂ ಕೆಳಗಿಳಿಯಿತು. ಗೋಪುರದ ಬುಡ ಸೇರುವುದು ಏಳನೇ ಕೊಠಡಿಗೆ. ಅಲ್ಲಿ ಹುಡುಗಿಯರು ನೀರು ತುಂಬಿದ ಮಣ್ಣಿನ ಕೊಡಗಳನ್ನಿಟ್ಟು, ಒದ್ದೆ ಮಾಡಿದ ಮುಳ್ಳುಕಂಟಿ ಹರಡಿ, ಗೋಡೆಗೆ ಥರ್ಮಾಮೀಟರ್ ನೇತುಹಾಕಿದರು. ಅಂಗಳದಲ್ಲಿ ನಲವತ್ತೊಂದು ಡಿಗ್ರಿ ಇದ್ದಾಗ ಒಳಗೆ ಇಪ್ಪತ್ತೊಂಬತ್ತು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಹತ್ತು ಸಲ ಓದಿದ್ದ ಹುಡುಗಿಯರು ಅದು ನಿಜವೆಂದು ಅಂದು ನಂಬಿದರು. ಮಶ್ದಿ ಗಫೂರ್ ಅಲ್ಲೇ ಗೋಡೆಗೊರಗಿ ನಿದ್ದೆ ಹೋದ. ಅದನ್ನೂ ಪ್ರಯೋಗದ ಫಲಿತಾಂಶದಲ್ಲಿ ಬರೆದುಕೊಂಡರು.

ಸುದ್ದಿ ಕಚೇರಿಗೆ ಹೋಯಿತು. ಯೋಜನೆಯನ್ನು ಯಾರೋ ನಿಜವಾಗಿ ಜಾರಿ ಮಾಡಿದ್ದಾರೆ ಎಂದರೆ ತನಿಖೆ ಆಗಲೇಬೇಕಲ್ಲ. ಶಿಕ್ಷಣ ಕಚೇರಿಯ ರಯೀಸ್, ಅಂದರೆ ಅಲ್ಲಿನ ದೊಡ್ಡ ತಲೆ, ಆಗಾ ಫರ್ಜಾಮ್ ಅವರೇ ಖುದ್ದಾಗಿ ಬಂದರು. ಗಂಡಸರಿಗೆ ಆಗಾ, ಹೆಂಗಸರಿಗೆ ಖಾನಂ ಅನ್ನುವುದು ಅಲ್ಲಿನ ಮರ್ಯಾದೆ. ಹಿಂದೆ ಗುಮಾಸ್ತ ಸಬೂರಿ, ಕೈಯಲ್ಲಿ ನಡಾವಳಿ ಪುಸ್ತಕ. ತನಿಖೆಯ ವೇಳೆ ಆಡಿದ ಮಾತೆಲ್ಲ ಬರೆಯತಕ್ಕದ್ದು ಎಂದು ಅವನಿಗೆ ಆಜ್ಞೆಯಾಗಿತ್ತು. ಅವನು ಆಜ್ಞೆಯನ್ನು ಆಜ್ಞೆಯೆಂದೇ ನಂಬುವ ಪೈಕಿ.

ಫರ್ಜಾಮ್ ಅವರ ಕಚೇರಿ ಹೊಸದು, ನಾಲ್ಕೂ ಕಡೆ ಗಾಜು. ಮರುಭೂಮಿಯ ಅಂಚಿನಲ್ಲಿ ಗಾಜಿನ ಮನೆ ಕಟ್ಟಿದ್ದಕ್ಕೆ ಆಧುನಿಕತೆಯ ಪ್ರಶಸ್ತಿಯೂ ಬಂದಿತ್ತು. ಕರೆಂಟು ಹೋದಾಗ ಒಳಗಿದ್ದವರು ಹೊರಬಂದು ಪ್ರಶಸ್ತಿಫಲಕದ ನೆರಳಲ್ಲಿ ನಿಲ್ಲುತ್ತಿದ್ದರು. ಅಂಥ ಜಾಗದಿಂದ ಬಂದ ಫರ್ಜಾಮ್ ಏಳನೇ ಕೊಠಡಿಯಲ್ಲಿ ಕೂತು, ಕೋಟಿನ ಗುಂಡಿ ಬಿಚ್ಚಿ, ಚಹಾ ಕುಡಿದು, ಕಣ್ಣು ಮುಚ್ಚಿ ಅಂದರು, “ಅಬ್ಬಾ, ಎಂಥಾ ಗಾಳಿ.”

“ನಿಮ್ಮದೇ ಆಗಾ, ತಗೊಂಡ್ಹೋಗಿ” ಅಂದಳು ತಹ್ಮೀನೆ.

ರೀಗಾಬಾದಿನಲ್ಲಿ ಹುಟ್ಟಿದ ಯಾರೇ ಆದರೂ ಇದನ್ನೇ ಅನ್ನುತ್ತಿದ್ದರು. ಯಾರಾದರೂ ನಿಮ್ಮ ಬಳೆ ಚೆನ್ನಾಗಿದೆ ಅಂದರೆ, ಜಮಖಾನ ಚೆನ್ನಾಗಿದೆ ಅಂದರೆ, ತಗೊಳ್ಳಿ ನಿಮ್ಮದೇ ಅನ್ನಬೇಕು. ಅವರು ಬೇಡ ಅನ್ನಬೇಕು. ನೀವು ಒತ್ತಾಯಿಸಬೇಕು, ಅವರು ಮತ್ತೆ ಬೇಡ ಅನ್ನಬೇಕು. ಹೀಗೆ ಮೂರು ಸುತ್ತು ಆದಮೇಲೆ ಬಳೆ ಇದ್ದ ಕೈಯಲ್ಲೇ ಇರುತ್ತದೆ, ಇಬ್ಬರ ಮನಸ್ಸೂ ತುಂಬಿರುತ್ತದೆ. ಇದಕ್ಕೆ ಅಲ್ಲಿ ತಾರೋಫ್ ಅನ್ನುತ್ತಾರೆ. ಆ ಊರಿನ ಮದುಮಗಳೊಬ್ಬಳ ಉಂಗುರವನ್ನು ಈವರೆಗೆ ಇನ್ನೂರು ಜನಕ್ಕೆ ಕೊಟ್ಟಾಗಿದೆ, ಉಂಗುರ ಬೆರಳು ಬಿಟ್ಟು ಕದಲಿಲ್ಲ.

“ಛೆ ಛೆ, ಎಲ್ಲಾದ್ರೂ ಉಂಟಾ” ಅಂದರು ಫರ್ಜಾಮ್, ಪದ್ಧತಿಯಂತೆ.

“ಬೇಡ ಅಂದ್ರೆ ನಮಗೆ ಬೇಜಾರಾಗತ್ತೆ.”

“ಮಕ್ಕಳ ಗಾಳಿ ಖಾನಂ, ಮಕ್ಕಳಿಗೇ ಇರ್ಲಿ.”

“ಮಕ್ಕಳೂ ನಿಮ್ಮವೇ, ಗಾಳೀನೂ ನಿಮ್ಮದೇ.”

“ನೋಡಿ, ನನಗೆ ನಾಚಿಕೆ ಆಗೋ ಹಾಗೆ ಮಾಡ್ತೀರಿ.”

“ನಮ್ಮ ಕಣ್ಣ ಮೇಲೆ ಹೆಜ್ಜೆ ಇಡಿ ಆಗಾ. ನೀವು ತಗೊಳ್ಳಲೇಬೇಕು.”

ಮೂರು ಸುತ್ತು ಮುಗಿದಿತ್ತು. ಇನ್ನು ಫರ್ಜಾಮ್ ಎದ್ದು, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಹೇಳಿ ಹೊರಡಬೇಕು. ಅದೇ ಹೊತ್ತಿಗೆ ಸರಿಯಾಗಿ ಹನ್ನೆರಡು ಹೊಡೆಯಿತು. ಊರಿಗೆಲ್ಲ ಕರೆಂಟು ಹೋಯಿತು. ದೂರದಲ್ಲಿ ತಮ್ಮ ಗಾಜಿನ ಕಚೇರಿ ಬಿಸಿಲಿಗೆ ಝಗಝಗಿಸುವುದು ಕಿಟಕಿಯಿಂದ ಫರ್ಜಾಮ್‌ಗೆ ಕಾಣಿಸಿತು. ಅವರು ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದರು.

“ಇಷ್ಟು ಒತ್ತಾಯ ಮಾಡಿದ ಮೇಲೂ ಬೇಡ ಅಂದ್ರೆ ನಿಮಗೆ ಅವಮಾನ ಮಾಡಿದ ಹಾಗೆ” ಅಂದರು. “ಆಗ್ಲಿ.”

ರೀಗಾಬಾದಿನ ಇತಿಹಾಸದಲ್ಲೇ ಯಾರೂ ಇದಕ್ಕೆ ಉತ್ತರ ತಯಾರು ಮಾಡಿಟ್ಟಿರಲಿಲ್ಲ. ಸಬೂರಿ ಎಲ್ಲವನ್ನೂ ಬರೆದು, ಕೆಳಗೊಂದು ಗೆರೆ ಎಳೆದ.

ಎರಡು ದಿನದಲ್ಲಿ ಪತ್ರ ಬಂತು. ‘ತಾವು ಸ್ವಇಚ್ಛೆಯಿಂದ, ಮೂರು ಬಾರಿ ಒತ್ತಾಯಪೂರ್ವಕವಾಗಿ ನೀಡಿರುವ ಏಳನೇ ಕೊಠಡಿಯ ಗಾಳಿಯನ್ನು ಕಚೇರಿಯು ಕೃತಜ್ಞತೆಯಿಂದ ಸ್ವೀಕರಿಸಿದೆ. ಮಕ್ಕಳನ್ನೂ ನೀಡಿರುವಿರಾದರೂ, ಸ್ಥಳಾಭಾವದಿಂದ ಅವರನ್ನು ಸದ್ಯಕ್ಕೆ ತಮ್ಮಲ್ಲೇ ಇರಿಸಿಕೊಳ್ಳತಕ್ಕದ್ದು.’

ಗಾಳಿಯನ್ನು ಕಚೇರಿಗೆ ಸಾಗಿಸುವ ಬಗ್ಗೆ ತಜ್ಞರ ಸಮಿತಿ ಕೂತಿತು. ಶಾಲೆಯಿಂದ ಕಚೇರಿಗೆ ಸಾವಿರದ ಇನ್ನೂರು ಮೀಟರ್ ಉದ್ದದ ಬಟ್ಟೆಯ ಕೊಳವೆ ಹೊಲಿಸುವ ಯೋಜನೆ ಬಹಳ ಚೆನ್ನಾಗಿತ್ತು. ಆದರೆ ದಾರಿಯಲ್ಲಿ ಮಾಂಸದ ಅಂಗಡಿಯೊಂದಿದ್ದು, ಅವರು ಕೊಳವೆಗೆ ತೂತು ಮಾಡಿಕೊಂಡಾರೆಂಬ ಅನುಮಾನ ಬಂತು. ಗಾಳಿ ಕಚೇರಿಗೆ ಬಾರದಿದ್ದರೆ ಕಚೇರಿಯೇ ಗಾಳಿಯ ಬಳಿಗೆ ಹೋಗತಕ್ಕದ್ದೆಂದು ಸಮಿತಿ ಶಿಫಾರಸು ಮಾಡಿತು. ಮರುದಿನವೇ ಫರ್ಜಾಮ್ ಅವರ ಮೇಜು, ಜಮಖಾನ, ಚಹಾ ಕಾಯಿಸುವ ಸಮಾವರ್ ಎಲ್ಲ ಏಳನೇ ಕೊಠಡಿಗೆ ಬಂದು ಕೂತವು. ಬಾಗಿಲಿಗೆ ‘ಇಂಧನ ಉಳಿತಾಯ ಘಟಕ’ ಎಂದು ಫಲಕ ಹಾಕಿದರು.

ಉಳಿತಾಯದ ಅಂಕಿ ಅಂಶ ಇಡಲು ಕಂಪ್ಯೂಟರ್ ಬೇಕು. ಕಂಪ್ಯೂಟರಿಗೆ ಹನ್ನೆರಡರಿಂದ ಎರಡರವರೆಗೂ ಕರೆಂಟು ಬೇಕು. ಆದ್ದರಿಂದ ಅಂಗಳದಲ್ಲಿ ಡೀಸೆಲ್ ಜನರೇಟರ್ ಇಟ್ಟರು. ಬೇರೆ ಕೊಠಡಿ ಖಾಲಿಯಿಲ್ಲದ್ದರಿಂದ, ಇಲ್ಲಿದ್ದ ಹುಡುಗಿಯರನ್ನು ಅದೇ ಅಂಗಳಕ್ಕೆ ಕಳಿಸಿದರು.

ಮುಖ್ಯೋಪಾಧ್ಯಾಯಿನಿ ಅಶ್ರಫ್ ಖಾನಂ ತಹ್ಮೀನೆಯನ್ನು ಕರೆದು ತರಾಟೆಗೆ ತೆಗೆದುಕೊಂಡರು. ಆಕೆಗೆ ನಿವೃತ್ತಿಗೆ ಒಂದು ವರ್ಷವಿತ್ತು. ಅಲ್ಲಿಯವರೆಗೆ ಭೂಮಿ ತಿರುಗುವುದೂ ಆಕೆಗೆ ಇಷ್ಟವಿರಲಿಲ್ಲ.

“ಒಂದ್ಸಲ ಅಂದು ಸುಮ್ನಾಗೋದಲ್ವೇನೇ? ಮೂರು ಮೂರು ಸಲ ಅನ್ನೋಕೆ ಹೋದ್ಯಲ್ಲ.”

“ಎರಡೇ ಸಲ ಅಂದಿದ್ರೆ ಸಂಸ್ಕಾರ ಇಲ್ದೋಳು ಅಂತ ನೀವೇ ಬೈತಿದ್ರಿ.”

“ಬೈತಿದ್ದೆ. ಬೈಸ್ಕೊಂಡು ನೀನು ಒಳಗಡೆ ತಣ್ಣಗೆ ಕೂತಿರ್ತಿದ್ದೆ.”

“ವಾಪಸ್ ಕೊಡಿ ಅಂತ ಕೇಳಿದ್ರೆ?”

“ಕೊಟ್ಟಿದ್ದನ್ನ ವಾಪಸ್ ಕೇಳೋದಾ?” ಅಶ್ರಫ್ ಖಾನಂ ಎದೆ ಮೇಲೆ ಕೈಯಿಟ್ಟುಕೊಂಡರು. “ನಿನಗೆ ಮದುವೆ ಆಗೋ ಆಸೆ ಏನಾದ್ರೂ ಇದ್ರೆ ಈ ಮಾತು ಹೊರಗೆಲ್ಲೂ ಆಡ್ಬೇಡ.”

ಅಂಗಳದಲ್ಲಿ ದಾಳಿಂಬೆ ಗಿಡವೊಂದು ಬಿಟ್ಟರೆ ನೆರಳಿಲ್ಲ. ಅದರಡಿ ನಾಲ್ವರು ಕೂರಬಹುದು. ಹುಡುಗಿಯರು ಪಾಳಿ ಮಾಡಿಕೊಂಡರು. ಜನರೇಟರಿನ ಬಿಸಿ ಹೊಗೆ ಸೀದಾ ಅವರ ಮುಖಕ್ಕೆ ಬಡಿಯುತ್ತಿತ್ತು. ತಹ್ಮೀನೆ ಗಂಟಲು ಹರಿದುಕೊಂಡು ಪಾಠ ಮಾಡಿದಳು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ತನ್ನ ಬಾಯಿಗೆ ತಾನೇ ಛೀಮಾರಿ ಹಾಕಿಕೊಂಡಳು. ಆ ಮಕ್ಕಳ ಮುಖ ನೋಡಲು ಅವಳಿಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು.

“ಖಾನಂ, ಬೇಜಾರು ಮಾಡ್ಕೋಬೇಡಿ” ಅಂದಳು ಗುಲ್‌ನೂಶ್, ಹಣೆ ಒರೆಸಿಕೊಳ್ಳುತ್ತ. “ಅವರೂ ಈ ಊರಿನವರೇ ತಾನೇ? ನೀವು ಹೋಗಿ ಗಾಳಿ ಹೊಗಳಿ. ಅವರ ಬಾಯಲ್ಲೂ ನಿಮ್ಮದೇ ಅಂತ ಬರತ್ತೆ. ಬಂದ ತಕ್ಷಣ ಹೂಂ ಅಂದ್ಬಿಡಿ.”

“ಮೊದಲನೇ ಸಲಕ್ಕೇನಾ?”

“ಮೊದಲನೇ ಸಲಕ್ಕೇ. ನಾನು ಬರ್ಕೋತೀನಿ.”

ಕಳ್ಳತನ ಮಾಡು ಅಂದಿದ್ದರೂ ತಹ್ಮೀನೆ ಅಷ್ಟು ಅಳುಕುತ್ತಿರಲಿಲ್ಲ. ಆದರೆ ಪರೀಕ್ಷೆಗೆ ಉಳಿದದ್ದು ಹನ್ನೊಂದು ದಿನ. ಅವಳು ಇಸ್ತ್ರಿ ಮಾಡಿದ ನಿಲುವಂಗಿ ತೊಟ್ಟು, ಗುಲ್‌ನೂಶ್ ಕೈಗೆ ನೋಟ್‌ಬುಕ್ ಕೊಟ್ಟು, ಇಂಧನ ಉಳಿತಾಯ ಘಟಕದ ಬಾಗಿಲು ತಟ್ಟಿದಳು.

ಫರ್ಜಾಮ್ ಕಲ್ಲಂಗಡಿ ತಿನ್ನುತ್ತಿದ್ದರು. ಆರೋಗ್ಯ ವಿಚಾರಣೆ, ಮನೆಯವರ ಆರೋಗ್ಯ ವಿಚಾರಣೆ, ಮೊಣಕಾಲಿನ ವಿಚಾರಣೆ ಎಲ್ಲ ಮುಗಿಯುವ ಹೊತ್ತಿಗೆ ತಟ್ಟೆ ಖಾಲಿಯಾಗಿತ್ತು.

“ಆಹಾ, ಎಷ್ಟು ತಂಪಾಗಿದೆ ಆಗಾ ನಿಮ್ಮ ಕೊಠಡಿ” ಅಂದಳು ತಹ್ಮೀನೆ.

“ಎಲ್ಲಾ ನಿಮ್ಮದೇ ಖಾನಂ, ತಗೊಳ್ಳಿ” ಅಂದರು ಫರ್ಜಾಮ್, ಕೊನೆಯ ಬೀಜ ಉಗುಳುತ್ತ.

“ಆಗ್ಲಿ, ತಗೊಂಡೆ. ತುಂಬಾ ಉಪಕಾರ ಆಯ್ತು.”

ಸಬೂರಿಯ ಕೈಯಿಂದ ಪೆನ್ನು ಜಾರಿತು. ಚಹಾ ತರುತ್ತಿದ್ದ ಮಶ್ದಿ ಗಫೂರ್ ಈ ಮಾತು ಕೇಳಿ, ತಾನು ಇಲ್ಲಿಗೆ ಬಂದೇ ಇಲ್ಲವೆಂಬಂತೆ ಹಿಮ್ಮುಖವಾಗಿ ನಡೆದು ಹೊರಗೆ ಹೋದ. ಗುಲ್‌ನೂಶ್ ಮಾತ್ರ ತಲೆ ತಗ್ಗಿಸಿ ಬರೆಯುತ್ತಿದ್ದಳು.

“ಖಾನಂ” ಅಂದರು ಫರ್ಜಾಮ್, ಕೊನೆಗೆ. “ನೀವು ಬೇಡ ಅನ್ನಲೇ ಇಲ್ಲವಲ್ಲ.”

“ಬೇಕಿತ್ತು, ಅದಕ್ಕೆ ಅನ್ಲಿಲ್ಲ.”

“ಬೇಕಿದ್ರೆ ಮೊದಲು ಬೇಡ ಅನ್ಬೇಕು. ನಾನೂ ಮೂರು ಸಲ ಅಂದೆ. ಕಡತದಲ್ಲಿದೆ. ಸಬೂರಿ, ಕಡತ ಕೊಡಯ್ಯ.”

ಸಬೂರಿ ಕಡತ ಕೊಟ್ಟ. ಇತ್ತು. ಅದರ ಹಿಂದೆಯೇ ನಿಯಮವೂ ಹುಟ್ಟಿತು. ಸಂಜೆಯೊಳಗೆ ಟೈಪಾಗಿ ಬಂದ ನಿಯಮದ ಪ್ರಕಾರ, ಕೊಡುಗೆಯನ್ನು ಸ್ವೀಕರಿಸಬಯಸುವವರು ಮೊದಲು ಮೂರು ಬಾರಿ ನಿರಾಕರಿಸತಕ್ಕದ್ದು. ನಿರಾಕರಣೆಗಳು ಪ್ರತ್ಯೇಕ ಹಾಳೆಗಳಲ್ಲಿ, ಎರಡೆರಡು ಪ್ರತಿಗಳಲ್ಲಿ, ಮೊಹರಿನ ಸಮೇತ ಇರತಕ್ಕದ್ದು. ಎರಡು ನಿರಾಕರಣೆಗಳ ನಡುವೆ ಸಂಕೋಚಕ್ಕಾಗಿ ಮೂರು ದಿನಗಳ ಅಂತರವಿರತಕ್ಕದ್ದು.

ತಹ್ಮೀನೆ ಬರೆದಳು. ‘ಛೆ, ಬೇಡ.’ ಮೂರು ದಿನ ಕಾದಳು. ‘ದಯವಿಟ್ಟು ಬೇಡ.’ ಮತ್ತೆ ಮೂರು ದಿನ. ‘ನನಗೆ ನಾಚಿಕೆಯಾಗುತ್ತಿದೆ, ಬೇಡ.’ ಒಂದೊಂದಕ್ಕೂ ಮೊಹರು ಹಾಕಿಸಲು ಅರ್ಧ ದಿನ ಸಾಲಿನಲ್ಲಿ ನಿಂತಳು. ಮೂರನೆಯದನ್ನು ಸಲ್ಲಿಸಿ ಬಂದ ದಿನ ಗುಲ್‌ನೂಶ್ ದಾಳಿಂಬೆ ಗಿಡದ ಕೆಳಗೆ ಒಂದು ಸಣ್ಣ ಕುಣಿತವನ್ನೇ ಹಾಕಿದಳು. ಪರೀಕ್ಷೆಗೆ ಇನ್ನೂ ನಾಲ್ಕು ದಿನವಿತ್ತು. ಕೊಡಗಳನ್ನು ತೊಳೆದು ಏಳನೇ ಕೊಠಡಿಯ ಬಾಗಿಲ ಬಳಿ ಸಿದ್ಧಮಾಡಿಟ್ಟುಕೊಂಡರು.

ಉತ್ತರ ಮರುದಿನವೇ ಬಂತು. ಆ ಕಚೇರಿಯಿಂದ ಅಷ್ಟು ಬೇಗ ಉತ್ತರ ಬಂದದ್ದು ಅದೇ ಮೊದಲು.

‘ಏಳನೇ ಕೊಠಡಿಯ ಗಾಳಿಯನ್ನು ತಾವು ಮೂರು ಬಾರಿ ಲಿಖಿತವಾಗಿ ನಿರಾಕರಿಸಿರುವುದನ್ನು ಕಚೇರಿಯು ಗಮನಿಸಿದೆ. ತಮ್ಮ ನಿಸ್ವಾರ್ಥತೆಯನ್ನು ಮೆಚ್ಚಿ, ಸದರಿ ನಿರಾಕರಣೆಗಳನ್ನು ಅಂಗೀಕರಿಸಲಾಗಿದೆ. ಕಡತ ಮುಕ್ತಾಯ.’

ತಹ್ಮೀನೆ ಪತ್ರವನ್ನು ಎರಡು ಸಲ ಓದಿ, ಮಡಚಿ, ಅದರಿಂದಲೇ ಗಾಳಿ ಹಾಕಿಕೊಂಡಳು. ಗುಲ್‌ನೂಶ್‌ಗೆ ಹೇಳುವುದು ಕಷ್ಟವಾಯಿತು. ಹೇಳಿದ ಮೇಲೆ ಗುಲ್‌ನೂಶ್ ಕೊಡಗಳನ್ನು ಮತ್ತೆ ಅಂಗಳಕ್ಕೆ ಹೊತ್ತು ತಂದಿಟ್ಟಳು. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

ಪರೀಕ್ಷೆ ಹನ್ನೊಂದರಿಂದ ಒಂದರವರೆಗೆ ಅಂಗಳದಲ್ಲಿ ನಡೆಯಿತು. ಕಚೇರಿ ಇದನ್ನು ಬಯಲು ಕಲಿಕೆಯ ಸಹಜ ಮುಂದುವರಿಕೆ ಎಂದು ಬಣ್ಣಿಸಿ, ಫೋಟೋ ತೆಗೆಸಿತು. ಫೋಟೋ ತೆಗೆಯುವವನು ಏಳನೇ ಕೊಠಡಿಯ ಕಿಟಕಿಯ ಒಳಗಿನಿಂದಲೇ ತೆಗೆದ. ಹನ್ನೆರಡಕ್ಕೆ ಜನರೇಟರ್ ಶುರುವಾಯಿತು. ಗುಲ್‌ನೂಶ್ ತಲೆವಸ್ತ್ರವನ್ನು ಕೊಡದಲ್ಲಿ ಅದ್ದಿ ಹಿಂಡಿ ಹೊದ್ದುಕೊಂಡಳು. ಅವಳನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಆದರೂ ಬರೆದು ಮುಗಿಸುವ ಹೊತ್ತಿಗೆ ಇಬ್ಬರು ಬಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಆಕಾಶ ವೀಕ್ಷಣೆ’ ಎಂದು ಬರೆದು, ಪೂರ್ತಿ ಹಾಜರಿ ಕೊಟ್ಟರು.

ನಾಲ್ಕನೇ ಪ್ರಶ್ನೆ ಹೀಗಿತ್ತು: ಶಾಖವು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ? ಸ್ವಂತ ಅನುಭವದಿಂದ ವಿವರಿಸಿ.

ಉತ್ತರ ಪತ್ರಿಕೆಗಳು ತಿದ್ದಲು ತಹ್ಮೀನೆಯ ಕೈಗೇ ಬಂದವು. ಹೊರಗಿನವರು ಆ ಬಿಸಿಲಿನಲ್ಲಿ ರೀಗಾಬಾದಿಗೆ ಬರಲು ಒಪ್ಪಿರಲಿಲ್ಲ. ಗುಲ್‌ನೂಶ್‌ಳ ಪತ್ರಿಕೆಯಲ್ಲಿ ಶಾಯಿ ಬೆವರಿಗೆ ಹರಡಿತ್ತು, ಆದರೆ ಓದಲು ಬರುತ್ತಿತ್ತು.

‘ಶಾಖವು ಕಚೇರಿಯಿಂದ ಶಾಲೆಗೆ ಹರಿಯುತ್ತದೆ. ತಂಪು ಕೆಳಗಿನವರಿಂದ ಮೇಲಿನವರಿಗೆ ಹರಿಯುತ್ತದೆ. ಇದು ಆಗಬೇಕಾದರೆ ನಡುವೆ ಯಾರಾದರೂ ಮೂರು ಸಲ ಬೇಡ ಅನ್ನಬೇಕು.’

ತಹ್ಮೀನೆ ಕೆಂಪು ಪೆನ್ನು ತೆಗೆದುಕೊಂಡಳು. ಪುಸ್ತಕದ ಪ್ರಕಾರ ಇದಕ್ಕೆ ಸೊನ್ನೆ. ಸೊನ್ನೆ ಕೊಟ್ಟರೆ ಈ ಹುಡುಗಿಯೂ ಅಕ್ಕನ ಪಕ್ಕ ಕೂತು ಕೊತ್ತಾಬ್ ಕರಿಯುತ್ತಾಳೆ. ಪೂರ್ತಿ ಅಂಕ ಕೊಟ್ಟರೆ ತನ್ನ ನೌಕರಿ ಹೋಗುತ್ತದೆ. ಮತ್ತೆ ಮತ್ತೆ ಓದಿದಳು. ಎಲ್ಲಿಯೂ ಸುಳ್ಳು ಸಿಗಲಿಲ್ಲ. ಪೂರ್ತಿ ಅಂಕ ಕೊಟ್ಟು, ರುಜು ಹಾಕಿ, ಬೀರುವಿನಿಂದ ಸೂಟ್‌ಕೇಸ್ ಕೆಳಗಿಳಿಸಿದಳು.

ಮೂರನೇ ದಿನ ಫರ್ಜಾಮ್ ಕರೆಸಿದರು. ಅಶ್ರಫ್ ಖಾನಂ ಮೊದಲೇ ಬಂದು ಗೋಡೆಗಂಟಿ ನಿಂತಿದ್ದರು. ಮೇಜಿನ ಮೇಲೆ ಗುಲ್‌ನೂಶ್‌ಳ ಪತ್ರಿಕೆ ಇತ್ತು.

“ಈ ಹುಡುಗಿ ಯಾರು?”

“ನಮ್ಮಲ್ಲೇ ಓದ್ತಾಳೆ ಆಗಾ” ಅಂದಳು ತಹ್ಮೀನೆ. “ತಪ್ಪಿದ್ರೆ ನಂದು.”

“ತಪ್ಪೆಲ್ಲಿ ಬಂತು ಖಾನಂ?” ಫರ್ಜಾಮ್ ಕನ್ನಡಕ ಸರಿಮಾಡಿಕೊಂಡರು. “ಇಪ್ಪತ್ತಾರು ವರ್ಷ ಇಲಾಖೇಲಿದೀನಿ. ಹೀಗೆ ಕಂಡದ್ದನ್ನ ಕಂಡ ಹಾಗೆ ಬರೆದ ಒಂದು ಮಗೂನ ನೋಡಿರ್ಲಿಲ್ಲ. ಮೂರು ಸಲ ಅನ್ನೋದನ್ನೂ ಬಿಟ್ಟಿಲ್ಲ ನೋಡಿ. ಉಳಿದ ಮೂವತ್ತು ಜನ ಇನ್ನೂ ಬಿಸಿಯಿಂದ ತಣ್ಣಗಿನ ಕಡೆಗೆ ಅಂತಲೇ ಬರೆದಿದ್ದಾರೆ. ಯಾವ ಕಾಲದಲ್ಲಿದ್ದಾರೆ ಇವರು?”

“ಹೌದು ಆಗಾ, ಯಾವ ಕಾಲ” ಅಂದರು ಅಶ್ರಫ್ ಖಾನಂ, ಗೋಡೆ ಬಿಟ್ಟು ಮುಂದೆ ಬರುತ್ತ.

ಉತ್ತರಸೂಚಿಯನ್ನು ಅಂದೇ ತಿದ್ದುಪಡಿ ಮಾಡಲಾಯಿತು. ಹಳೆಯ ಉತ್ತರ ಬರೆದ ಮೂವತ್ತು ಹುಡುಗಿಯರಿಗೂ ಅನುಭವದ ಕೊರತೆಗಾಗಿ ಎರಡೆರಡು ಅಂಕ ಕಳೆದು, ದಯೆಯಿಂದ ಪಾಸು ಮಾಡಿದರು. ಅವರ ತಂದೆತಾಯಂದಿರು ಕಚೇರಿಗೆ ಬಂದು ಕ್ಷಮೆ ಕೇಳಿದರು. ಗುಲ್‌ನೂಶ್ ಇಡೀ ಜಿಲ್ಲೆಗೆ ಮೊದಲಿಗಳಾದಳು. ಬಹುಮಾನವಾಗಿ ಅವಳಿಗೊಂದು ಕೈ ಬೀಸಣಿಗೆ ಕೊಟ್ಟರು. ಅವಳು ಮೂರು ಸಲ ಬೇಡ ಅಂದಳು. ವಾಪಸ್ ತೆಗೆದುಕೊಂಡರು.

ರಜೆ ಮುಗಿದು ಮೆಹ್ರ್ ತಿಂಗಳಲ್ಲಿ ಶಾಲೆ ತೆರೆದಾಗ ಪಠ್ಯಪುಸ್ತಕಕ್ಕೆ ಹೊಸ ಹಾಳೆಯೊಂದನ್ನು ಅಂಟಿಸಿದ್ದರು. ತಹ್ಮೀನೆ ಅಂಗಳದಲ್ಲಿ ಬೋರ್ಡನ್ನು ಗೋಡೆಗೆ ಆನಿಸಿ, ಹೊಸ ತರಗತಿಯ ಹುಡುಗಿಯರಿಗೆ ಶಾಖದ ನಿಯಮವನ್ನು ಹೊಸ ಹಾಳೆಯಲ್ಲಿದ್ದಂತೆಯೇ ಬರೆದಳು. ಅರ್ಥವಾಗಲಿಲ್ಲ ಅನ್ನುವವರು ಕೈಯೆತ್ತಿ ಅಂದಳು. ಹುಡುಗಿಯರು ಒಮ್ಮೆ ಏಳನೇ ಕೊಠಡಿಯ ಕಿಟಕಿಯತ್ತ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಎಲ್ಲರಿಗೂ ಅರ್ಥವಾಗಿತ್ತು.